ರೇಡಿಯೋ ಮೇಲೇಕೆ ಗೂಬೆ?

ಮೈದಾನದ ಮೇಲೆ ನಾಲ್ಕಾರು ಸುತ್ತು ಸೊಗಸಾಗಿ ಹಾರಿದ ಥರ್ಮೋಕೋಲ್ ವಿಮಾನ ಇದ್ದಕ್ಕಿದ್ದಂತೆ ಹೇಳಿದ ಮಾತು ಕೇಳುವುದಿಲ್ಲ. ಟ್ರಾನ್ಸ್‌ಮಿಟರಿನ ಕಡ್ಡಿಯನ್ನು ಎತ್ತ ತಳ್ಳಿದರೂ ಅಷ್ಟೆ. ಮೂಗು ಕೆಳಗಾಗಿ ನೆಲಕ್ಕೆ ಬಡಿಯುತ್ತದೆ. ಹುಡುಗ ಓಡಿಹೋಗಿ ಎತ್ತಿಕೊಂಡರೆ ಆಶ್ಚರ್ಯ! ಮುರಿದ ರೆಕ್ಕೆಯಲ್ಲೂ ಸರ್ವೊಗಳು ಕಡ್ಡಿಯ ಆಜ್ಞೆಯನ್ನು ಚಾಚೂ ತಪ್ಪದೆ ಪಾಲಿಸುತ್ತಿವೆ. ರೇಡಿಯೋ ಕೈಕೊಟ್ಟಿತೆಂದು ಅಲ್ಲಿಯೇ ತೀರ್ಪಾಗುತ್ತದೆ. ಸಂಜೆ ಹೊಸ ರೇಡಿಯೋಗಾಗಿ ಅಪ್ಪನ ಮುಂದೆ ಅರ್ಜಿ.

ಅರ್ಜಿ ಮಂಜೂರಾಗುವ ಮೊದಲು ತಂದೆ ಮಗ ಇಬ್ಬರೂ ಕುಳಿತು ಒಂದು ಸಣ್ಣ ಗುಣಾಕಾರ ಮಾಡುವುದು ಒಳ್ಳೆಯದು. ಹೈಸ್ಕೂಲಿನ ಭೌತಶಾಸ್ತ್ರ ಸಾಕು.

ಸರ್ವೊ ಎಂದರೆ ಪುಟ್ಟ ಮೋಟಾರು, ಹಲ್ಲುಚಕ್ರಗಳು ಮತ್ತು ಒಂದು ಹಿಡಿಕೆ ಇರುವ ಪೆಟ್ಟಿಗೆ. ಐಲೆರಾನ್‌ಗೆ ಎರಡು, ಎಲಿವೇಟರಿಗೆ ಒಂದು, ರಡ್ಡರಿಗೆ ಒಂದು, ಹೀಗೆ ಸಣ್ಣ ವಿಮಾನದಲ್ಲೂ ನಾಲ್ಕು ಸೇರುತ್ತವೆ. ಇವಕ್ಕೆ ಬೇಕಾದದ್ದು ಸುಮಾರು 5 ವೋಲ್ಟ್. ಹಿಂದೆ ಇದಕ್ಕೆಂದೇ ನಾಲ್ಕು ನಿಕಲ್-ಕ್ಯಾಡ್ಮಿಯಂ ಸೆಲ್ಲುಗಳ 4.8 ವೋಲ್ಟಿನ ಬೇರೆ ಬ್ಯಾಟರಿ ಇಡುತ್ತಿದ್ದರು. ಆ ಭಾರ ಉಳಿಸಲೆಂದು ಬಂದದ್ದು ಬಿ.ಇ.ಸಿ. ಮೋಟಾರಿನ ವೇಗ ನಿಯಂತ್ರಿಸುವ ಇ.ಎಸ್.ಸಿ. ಎಂಬ ಪಟ್ಟಿಯೊಳಗೇ ಅಡಗಿರುವ ಈ ಮಂಡಲ, ದೊಡ್ಡ ಬ್ಯಾಟರಿಯ ವೋಲ್ಟೇಜನ್ನು 5ಕ್ಕೆ ಇಳಿಸಿ ರಿಸೀವರ್ ಮೂಲಕ ಸರ್ವೊಗಳಿಗೆ ಹಂಚುತ್ತದೆ.

ಇಳಿಸುವುದು ಹೇಗೆ ಎಂಬುದರಲ್ಲೇ ಗುಟ್ಟಿದೆ. ಅಗ್ಗದ ಇ.ಎಸ್.ಸಿ.ಗಳಲ್ಲಿರುವ ಲೀನಿಯರ್ ಬಿ.ಇ.ಸಿ. ಹೆಚ್ಚುವರಿ ವೋಲ್ಟೇಜನ್ನು ಸುಮ್ಮನೆ ಶಾಖವಾಗಿ ಸುಟ್ಟುಬಿಡುತ್ತದೆ. ಮೂರು ಸೆಲ್ಲಿನ ಲಿಥಿಯಂ ಪಾಲಿಮರ್ ಬ್ಯಾಟರಿ ಪೂರ್ತಿ ಚಾರ್ಜ್ ಆದಾಗ 12.6 ವೋಲ್ಟ್. ಅದರಲ್ಲಿ 5 ಕಳೆದರೆ 7.6. ಸರ್ವೊಗಳೆಲ್ಲ ಸೇರಿ 1 ಆಂಪಿಯರ್ ಎಳೆದರೆ ಸುಡುವುದು 7.6 ವ್ಯಾಟ್. ಮೇಲೆ ಅಚ್ಚಾಗಿರುವ '2 ಆಂಪಿಯರ್' ಎಂಬ ಮಾತನ್ನು ನಂಬಿ ಅಷ್ಟೂ ಎಳೆದರೆ 15 ವ್ಯಾಟಿಗೂ ಮೇಲೆ. ರೇಡಿಯೋ ರಿಪೇರಿಯವರ ಬೆಸುಗೆ ಕಬ್ಬಿಣ ಸಾಮಾನ್ಯವಾಗಿ 25 ವ್ಯಾಟಿನದು! ಅದರ ಅರ್ಧಕ್ಕಿಂತ ಹೆಚ್ಚು ಬಿಸಿ, ಬೆಂಕಿಪೆಟ್ಟಿಗೆಯಷ್ಟಿರುವ ಪಟ್ಟಿಯೊಳಗೆ, ಅದೂ ಗಾಳಿಯಾಡದ ಥರ್ಮೋಕೋಲ್ ಹೊಟ್ಟೆಯಲ್ಲಿ. ಅದೇ ಎರಡು ಸೆಲ್ಲಿನ ಬ್ಯಾಟರಿಯಾದರೆ 1 ಆಂಪಿಯರಿಗೆ 3.4 ವ್ಯಾಟ್ ಮಾತ್ರ. ಸೆಲ್ ಹೆಚ್ಚಿದಂತೆ ಸರ್ವೊಗಳ ಸಂಖ್ಯೆ ಕಡಿಮೆ ಇರಲಿ ಎಂದು ಇ.ಎಸ್.ಸಿ. ಜೊತೆ ಬರುವ ಚೀಟಿ ಹೇಳುವುದು ಇದೇ ಕಾರಣಕ್ಕೆ. ಆ ಚೀಟಿಯನ್ನು ಓದುವವರು ಕಡಿಮೆ.

ಮಿತಿಮೀರಿ ಕಾದ ರೆಗ್ಯುಲೇಟರ್ ತನ್ನನ್ನು ಉಳಿಸಿಕೊಳ್ಳಲು ಕೆಲಸ ನಿಲ್ಲಿಸುತ್ತದೆ. ರಿಸೀವರಿಗೂ ಅದೇ ಅನ್ನದಾತ, ಆದ್ದರಿಂದ ಅದೂ ಕಣ್ಣು ಮುಚ್ಚುತ್ತದೆ. ತುಸು ಆರಿದ ಮೇಲೆ ಎಲ್ಲಕ್ಕೂ ಮತ್ತೆ ಜೀವ. ಅಷ್ಟರಲ್ಲಿ ವಿಮಾನ ನೆಲ ಸೇರಿರುತ್ತದೆ, ಸಾಕ್ಷ್ಯವೂ ತಣ್ಣಗಾಗಿರುತ್ತದೆ. ಮುಕ್ಕಾಲು ಕಿಲೋ ತೂಕದ ವಸ್ತು ಹೀಗೆ ಬೀಳುವಾಗ ಕೆಳಗೆ ಆಡುವ ಮಕ್ಕಳಿದ್ದರೆ ಏನಾದೀತೆಂದು ಬಿಡಿಸಿ ಹೇಳಬೇಕಿಲ್ಲ.

ಇನ್ನು ಸರ್ವೊಗಳ ಹಸಿವು. 9 ಗ್ರಾಂ ತೂಕದ ಸರ್ವೊ ಸುಮ್ಮನಿದ್ದಾಗ ಕೆಲವೇ ಮಿಲಿ ಆಂಪಿಯರ್ ಕುಡಿಯುತ್ತದೆ, ತಿರುಗುವಾಗ ನೂರು-ಇನ್ನೂರು. ಆದರೆ ತಂತಿ ಎಲ್ಲೋ ಸಿಕ್ಕಿ ತಿರುಗಲಾರದೆ ನಿಂತರೆ ಒಂದೇ ಸರ್ವೊ 600 ದಾಟಬಲ್ಲದು. ನಿಂತಲ್ಲೇ 'ಗುಂಯ್' ಎನ್ನುವ ಸರ್ವೊ ಇದ್ದರೆ ಅದರ ತಂತಿಯನ್ನು ಸಡಿಲಿಸುವುದು ಮೊದಲ ಚಿಕಿತ್ಸೆ. ಇದಕ್ಕೆ ಕಾಸೂ ಖರ್ಚಿಲ್ಲ.

ಪರೀಕ್ಷೆ ನೆಲದ ಮೇಲೆಯೇ ಆಗಲಿ. ಪ್ರೊಪೆಲ್ಲರನ್ನು ಬಿಚ್ಚಿಡಬೇಕು; ಈ ಮಾತನ್ನು ಮರೆತವರ ಬೆರಳೇ ಹೇಳುತ್ತದೆ ಕಥೆ. ಪೂರ್ತಿ ಚಾರ್ಜಾದ ಬ್ಯಾಟರಿ ಹಾಕಿ, ಮುಚ್ಚಳ ಮುಚ್ಚಿ, ಎರಡು ಮೂರು ನಿಮಿಷ ಎಲ್ಲ ಸರ್ವೊಗಳನ್ನೂ ಒಟ್ಟಿಗೆ ಎಡೆಬಿಡದೆ ಆಡಿಸಬೇಕು. ರಿಸೀವರಿನ ಖಾಲಿ ತೂತಿಗೆ ಮಲ್ಟಿಮೀಟರ್ ಹಚ್ಚಿದ್ದರೆ ವೋಲ್ಟೇಜ್ ಕುಸಿಯುವುದು ಕಾಣುತ್ತದೆ. ಕ್ಷಣಾರ್ಧದ ಕುಸಿತವನ್ನು ಮೀಟರ್ ಹಿಡಿಯದೆ ಹೋದೀತು. ಅದಕ್ಕೇ ಕೊನೆಗೆ ಇ.ಎಸ್.ಸಿ. ಮೇಲೆ ಬೆರಳು ಇಟ್ಟು ನೋಡುವುದು. ಬೆರಳು ಇಡಲಾಗದಷ್ಟು ಬಿಸಿಯಿದ್ದರೆ ಆ ವಿಮಾನ ಹಾರಬಾರದು.

ಆಗ ಬೇಕಾದದ್ದು ಹೊಸ ರೇಡಿಯೋ ಅಲ್ಲ, ಸ್ವಿಚಿಂಗ್ ಮಾದರಿಯ ಪ್ರತ್ಯೇಕ ಬಿ.ಇ.ಸಿ. ಇದು ಹೆಚ್ಚುವರಿಯನ್ನು ಸುಡುವುದಿಲ್ಲ. ಪ್ರವಾಹವನ್ನು ಸೆಕೆಂಡಿಗೆ ಸಾವಿರಾರು ಬಾರಿ ಕಡಿದು ಕಡಿದು ಬೇಕಾದಷ್ಟನ್ನೇ ಒದಗಿಸುತ್ತದೆ. 5 ವ್ಯಾಟ್ ಕೊಡುವಾಗ ತಾನು ಕಳೆಯುವುದು ಸುಮಾರು 1 ವ್ಯಾಟ್. ಇದರ ಇನ್‌ಪುಟ್ ತಂತಿಗಳನ್ನು ಮುಖ್ಯ ಬ್ಯಾಟರಿಗೂ ಔಟ್‌ಪುಟ್ ಪ್ಲಗ್ಗನ್ನು ರಿಸೀವರಿನ ಬ್ಯಾಟರಿ ತೂತಿಗೂ ಸೇರಿಸಿದರಾಯಿತು.

ಹೀಗೆ ಮಾಡಿದಾಗ ಇ.ಎಸ್.ಸಿ.ಯಿಂದ ರಿಸೀವರಿಗೆ ಹೋಗುವ ಮೂರು ತಂತಿಗಳಲ್ಲಿ ನಡುವಿನ ಕೆಂಪನ್ನು ಪ್ಲಗ್ಗಿನಿಂದ ಎಳೆದು, ತುದಿಗೆ ಟೇಪು ಸುತ್ತಿಬಿಡಬೇಕು. ಇಲ್ಲವಾದರೆ ಎರಡು ಬಿ.ಇ.ಸಿ.ಗಳು ಒಂದೇ ನೊಗಕ್ಕೆ ಬಿದ್ದಂತೆ. ಭಾರವನ್ನು ಅವು ಸಮನಾಗಿ ಹೊರುವುದಿಲ್ಲ. ಉಳಿದೆರಡು ತಂತಿಗಳನ್ನು ಮಾತ್ರ ಮುಟ್ಟಕೂಡದು. ಕೆಂಪು ತಂತಿ ಬಿಚ್ಚಿದ ಇ.ಎಸ್.ಸಿ.ಗೆ ಒಂದು ಚೀಟಿ ಕಟ್ಟಿಡುವುದೂ ಜಾಣತನ. ಆರು ತಿಂಗಳ ಮೇಲೆ ಅದನ್ನೇ ಬೇರೆ ವಿಮಾನಕ್ಕೆ ಹಾಕಿ, ರಿಸೀವರಿನ ದೀಪ ಏಕೆ ಹತ್ತುತ್ತಿಲ್ಲವೆಂದು ಮತ್ತೊಮ್ಮೆ ರೇಡಿಯೋವನ್ನು ಬೈಯುವುದು ತಪ್ಪುತ್ತದೆ.