ನೀರು ಮಳವಳ್ಳಿಯಿಂದ, ಲ್ಯಾಬ್ ಮಾತ್ರ ಬೆಂಗಳೂರಲ್ಲಾ? (ಭಾಗ 3)

ಫೋಟೋದಲ್ಲಿರೋ ದಪ್ಪ ಪೈಪ್ ನೋಡಿ. ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿ, ನಾವೆಲ್ಲ ಟಿ.ಕೆ. ಹಳ್ಳಿ ಅನ್ನೋದು. ಇಲ್ಲಿ ಕಾವೇರಿ ನೀರನ್ನ ಶುದ್ಧ ಮಾಡಿ, ಹಾರೋಹಳ್ಳಿ, ತಾತಗುಣಿಯಲ್ಲಿ ಮತ್ತೆ ಮತ್ತೆ ಪಂಪ್ ಮಾಡಿ, ಸುಮಾರು 100 ಕಿ.ಮೀ. ದೂರದ ಬೆಂಗಳೂರಿಗೆ ಏರಿಸ್ತಾರೆ. 2024ರ ಅಕ್ಟೋಬರಿನಲ್ಲಿ ಶುರುವಾದ ಐದನೇ ಹಂತದ ಸಾಮರ್ಥ್ಯವೇ ದಿನಕ್ಕೆ 77.5 ಕೋಟಿ ಲೀಟರ್. ನಮ್ಮ ಕಡೆಯಿಂದ ಹೋಗಿ ಪಿಜಿಯಲ್ಲಿರೋ ಅಣ್ಣ-ಅಕ್ಕಂದಿರೂ ಈ ನೀರನ್ನೇ ನಂಬ್ಕೊಂಡಿರೋದು.

(ಒಳಗಿನ ಕಂಟ್ರೋಲ್ ಪ್ಯಾನಲ್ ಫೋಟೋ ಹಾಕು ಅನ್ಬೇಡಿ. ಹಾಕದೇ ಇರೋದೂ ಸೆಕ್ಯುರಿಟೀನೇ.)

ಇಂಥ ಪಂಪು, ವಾಲ್ವುಗಳನ್ನ ಈಗ ಎಷ್ಟೋ ದೇಶಗಳಲ್ಲಿ ಪಿಎಲ್‌ಸಿ ಅನ್ನೋ ಪುಟ್ಟ ಕಂಪ್ಯೂಟರ್ ನಡೆಸುತ್ತೆ. 2023ರ ನವೆಂಬರಿನಲ್ಲಿ ಅಮೆರಿಕದ ಅಲಿಕ್ವಿಪ್ಪ ಅನ್ನೋ ಸಣ್ಣ ಊರಿನ ನೀರಿನ ಪಂಪ್‌ಹೌಸಲ್ಲಿ ಹ್ಯಾಕರ್‌ಗಳು ಪಿಎಲ್‌ಸಿಗೇ ನುಗ್ಗಿದ್ರು. ಆ ಕಂಪನಿಯ ಪಿಎಲ್‌ಸಿಗಳ ಡೀಫಾಲ್ಟ್ ಪಾಸ್‌ವರ್ಡ್ 1111 ಕಣ್ರೋ! ಸಿಬ್ಬಂದಿ ಕೂಡಲೇ ಅದನ್ನ ಬಂದ್ ಮಾಡಿ ಕೈಯಿಂದ್ಲೇ ಪಂಪ್ ನಡೆಸಿದ್ರು, ನೀರು ನಿಲ್ಲಲಿಲ್ಲ.

ನಮ್ಮ ಸರ್ಕಾರಗಳು ಸುಮ್ನೆ ಕೂತಿಲ್ಲ, ಒಪ್ಕೋತೀನಿ. ದೇಶಮಟ್ಟದಲ್ಲಿ ಇದಕ್ಕಂತ್ಲೇ 2014ರಿಂದ ಎನ್‌ಸಿಐಐಪಿಸಿ ಅನ್ನೋ ಸಂಸ್ಥೆ ಇದೆ. ರಾಜ್ಯದ 2024ರ ಸೈಬರ್ ಭದ್ರತಾ ನೀತಿಯಲ್ಲಿ ಸಂಶೋಧನೆಗೂ ಜಾಗ ಕೊಟ್ಟಿದ್ದಾರೆ. ರಾಜ್ಯದ ಸೈಬರ್ ಸೆಕ್ಯುರಿಟಿ ಕೇಂದ್ರ ಐಐಎಸ್‌ಸಿ ಜೊತೆ ಕೆಲಸ ಮಾಡುತ್ತೆ. ನನ್ನ ತಕರಾರು ಒಂದೇ: ಪಂಪು ಮಳವಳ್ಳೀಲಿ, ಪಂಪ್ ಕಾಯೋದು ಹೇಗೆ ಅಂತ ಯೋಚನೆ ಮಾಡೋ ಜಾಗ ಬೆಂಗಳೂರಲ್ಲಿ. 1902ರಲ್ಲಿ ಇದೇ ತಾಲ್ಲೂಕಿನ ಬ್ಲಫ್‌ನಿಂದ ಕೆಜಿಎಫ್‌ಗೆ ಕರೆಂಟು ಹೋಯ್ತು. ಆಮೇಲೆ ನೀರು ಹೋಯ್ತು. ಈಗ ಕಂಪ್ಯೂಟರ್ ಸೈನ್ಸ್ ಓದಿದವರೂ ಹೋಗ್ತಿದ್ದಾರೆ. ವಾಪಸ್ ಒಂದು ಲ್ಯಾಬಾದ್ರೂ ಬರ್ಲಿ.

ಎಂಥ ಲ್ಯಾಬು ಅಂದ್ರೆ, ಸಿಂಗಪುರದ ಒಂದು ವಿಶ್ವವಿದ್ಯಾಲಯದಲ್ಲಿ ಸಂಶೋಧನೆಗೇ ಅಂತ ಪುಟ್ಟ ನೀರು ಶುದ್ಧೀಕರಣ ಘಟಕ ಕಟ್ಟಿದ್ದಾರೆ. ನಿಜವಾದ ಪಂಪು, ಟ್ಯಾಂಕು, ಪಿಎಲ್‌ಸಿ. ಬೇಕಂತ್ಲೇ ಅದರ ಮೇಲೆ ದಾಳಿ ಮಾಡಿ, ಯಾವ ಟ್ಯಾಂಕ್ ತುಂಬಿ ಚೆಲ್ಲುತ್ತೆ, ಎಷ್ಟು ಬೇಗ ಗೊತ್ತಾಗುತ್ತೆ ಅಂತ ನೋಡ್ತಾರೆ. ಅಂಥದ್ದೊಂದು ಮಂಡ್ಯದಲ್ಲಿ ಯಾಕಾಗಬಾರದು? ಪಿಇಎಸ್ ಇಂಜಿನಿಯರಿಂಗ್ ಕಾಲೇಜು 1962ರಿಂದ ಇಲ್ಲೇ ಇದೆ. ನಮ್ಮಲ್ಲಿ ಕೋಡ್ ಬರೆಯೋರಿಗೆ ಪಂಪ್ ಗೊತ್ತಿಲ್ಲ, ಪಂಪಿನ ಸದ್ದು ಕೇಳಿಯೇ ಏನಾಗಿದೆ ಅನ್ನೋ ಆಪರೇಟರಿಗೆ ಕೋಡ್ ಗೊತ್ತಿಲ್ಲ. ಆ ಇಬ್ರೂ ಒಂದೇ ಬೆಂಚಲ್ಲಿ ಕೂರಬೇಕು ಅಂದ್ರೆ ಲ್ಯಾಬ್ ಪಂಪಿನ ಹತ್ರ ಇರ್ಬೇಕು.

ಮದ್ದೂರು ಕಡೆ ಐಟಿಐ, ಡಿಪ್ಲೊಮಾ ಓದ್ತಿರೋರೇ, ನಿಮಗೆ ಪಿಎಲ್‌ಸಿ ಮುಟ್ಟಿ ನೋಡೋಕೆ ಸಿಕ್ಕಿದ್ಯಾ, ಇಲ್ಲಾ ಬರೀ ಬೋರ್ಡ್ ಮೇಲಿನ ಚಿತ್ರಾನಾ? ಕಮೆಂಟಲ್ಲಿ ಹೇಳಿ, ಭಾಗ 4ಕ್ಕೆ ಬೇಕು.