ಚಾಕು ತಗೊಳ್ಳೋ ಮುಂಚೆ ಸಾಣೆಕಲ್ಲು ತಗೊಳ್ಳಿ

1/5
ಕಸಿ ಪ್ರಾಕ್ಟಿಕಲ್ ಶುರುವಾಗೋಕೆ ಇನ್ನು ಹದಿನೈದು ದಿನ. ಹೋದ ವಾರದಿಂದ ನನ್ನ ಇನ್‌ಬಾಕ್ಸ್ ತುಂಬ ಒಂದೇ ಪ್ರಶ್ನೆ: "ಅಕ್ಕಾ, ಯಾವ ಚಾಕು ತಗೊಳ್ಲಿ?" ಅದರ ಕೆಳಗೊಂದು ಲಿಂಕು. ಒತ್ತಿ ನೋಡಿದ್ರೆ ನೀರಿನ ಅಲೆ ಥರ ಗೆರೆ ಇರೋ ಅಲಗು, ಫಳಫಳ ಹೊಳೆಯೋ ನೀಲಿ ರೆಸಿನ್ ಹಿಡಿ, ಚರ್ಮದ ಪುಟ್ಟ ಚೀಲ. ಚೆಂದ ಇದೆ, ಇಲ್ಲ ಅನ್ನಲ್ಲ. ಎರಡು ವರ್ಷದ ಹಿಂದೆ ನಾನೂ ಅಂಥದ್ದೇ ತಗೊಂಡಿದ್ದೆ. ಮೊದಲ ಫೋಟೋದಲ್ಲಿರೋದು ಆ ಚಾಕು. ಎರಡನೇ ಫೋಟೋದಲ್ಲಿರೋದು ನನ್ನ ಎಡಗೈ ಹೆಬ್ಬೆರಳು, ಮೂರು ಹೊಲಿಗೆ.

ನಡೆದದ್ದು ಇಷ್ಟೇ. ಮಳೆಗಾಲ, ಗೇರು ಕಸಿ, ಕೈಯೆಲ್ಲ ಒದ್ದೆ. ಬೆಳಗ್ಗೆ ಹರಿತವಾಗಿದ್ದ ಅಲಗು ಮೂವತ್ತು ಗಿಡ ಆಗೋ ಹೊತ್ತಿಗೆ ಮೊಂಡಾಗಿತ್ತು. ಮೊಂಡು ಅಂತ ಜೋರಾಗಿ ಒತ್ತಿದೆ. ಪಾಲಿಶ್ ಹಿಡಿ ಅಂಗೈಯಲ್ಲಿ ತಿರುಗ್ತು. ಚಾಕು ಸಯಾನ್ ಬಿಟ್ಟು ಬೆರಳಿಗೆ ಬಂತು.

ಆಸ್ಪತ್ರೆಯಿಂದ ಬರ್ತಾ ಬಸ್ಸಲ್ಲಿ ಕೂತು ಯೋಚನೆ ಮಾಡಿದ್ದನ್ನೇ ಈಗ ಹೇಳ್ತಿರೋದು. ಮಡಚೋ ಚಾಕು ಆರಿಸೋಕೆ ಎರಡೇ ಪರೀಕ್ಷೆ. ಅಲಗನ್ನ ನಿಮ್ಮ ಸಾಣೆಕಲ್ಲು ಒಪ್ಪಬೇಕು. ಹಿಡಿಯನ್ನ ನಿಮ್ಮ ಒದ್ದೆ ಕೈ ಒಪ್ಪಬೇಕು. ಮಿಕ್ಕಿದ್ದೆಲ್ಲ ಫೋಟೋಗೆ.

2/5
ಮೊದಲು ಅಲಗು. ಉಕ್ಕು ಅಂದ್ರೆ ಕಬ್ಬಿಣಕ್ಕೆ ಸ್ವಲ್ಪ ಇಂಗಾಲ ಸೇರಿದ್ದು. ಸರಿಯಾಗಿ ಕಾಯಿಸಿ ಹದ ಮಾಡಿದ್ರೆ ಇಂಗಾಲ ಅದಕ್ಕೆ ಗಟ್ಟಿತನ ಕೊಡುತ್ತೆ. ಅದನ್ನ ರಾಕ್‌ವೆಲ್ ಸಿ ಅನ್ನೋ ಅಂಕಿಯಲ್ಲಿ ಅಳೀತಾರೆ. ಕ್ರೋಮಿಯಂ ಸುಮಾರು 10.5 ಶೇಕಡಾ ದಾಟಿದ್ರೆ ಸ್ಟೇನ್‌ಲೆಸ್ ಅಂತಾರೆ.

ಎರಡರ ವ್ಯತ್ಯಾಸ ತಿಳಿಯೋಕೆ ಫ್ರಾನ್ಸಿನ ಒಪಿನೆಲ್ ಒಳ್ಳೇ ಉದಾಹರಣೆ. 1890ರಿಂದ ಬಂದಿರೋ ರೈತರ ಚಾಕು ಅದು. ಅದೇ ಆಕಾರ, ಅದೇ ಮರದ ಹಿಡಿ, ಆದ್ರೆ ಅಲಗು ಎರಡು ಥರ ಸಿಗುತ್ತೆ: ಒಂದು ಕಾರ್ಬನ್ ಸ್ಟೀಲ್, ಇನ್ನೊಂದು ಸ್ಟೇನ್‌ಲೆಸ್. ಕಾರ್ಬನ್ನಿನದು ಸಾಣೆಗೆ ಬೇಗ ಬಗ್ಗುತ್ತೆ, ಕೂದಲು ಸೀಳೋಷ್ಟು ಹರಿತ ಬರುತ್ತೆ. ಆದ್ರೆ ನೀರು ಬಿದ್ದು ಹಾಗೇ ಬಿಟ್ರೆ ತುಕ್ಕು.

ನಮ್ಮ ಕೆಲಸದಲ್ಲಿ ಬರೀ ನೀರಲ್ಲ, ಸೊನೆ ಇದೆ. ಮಾವು, ಗೇರು ಎರಡರ ಸೊನೆಯೂ ಅಲಗನ್ನ ತಿನ್ನುತ್ತೆ. ಟ್ಯಾನಿನ್ ಇರೋ ಗಿಡ ಕೊಯ್ದ್ರೆ ಅಲಗೂ ಕಪ್ಪು, ಕೊಯ್ದ ಜಾಗವೂ ಕಪ್ಪು. ಅಜ್ಜಿ ಈಳಿಗೆ ಮಣೇಲಿ ಬಾಳೆಕಾಯಿ ಹೆಚ್ಚಿದಾಗ ನೋಡಿದೀರಲ್ಲ, ಅದೇ ಕಥೆ.

"ಹಾಗಾದ್ರೆ ದುಬಾರಿ ಸೂಪರ್ ಸ್ಟೀಲ್ ತಗೊಂಡ್ರೆ ಆಯ್ತಲ್ಲ?" ಆಗಲ್ಲ. ಡಿ2 ಅನ್ನೋದು ಈಗ ಎಲ್ಲೆಲ್ಲೂ ಇದೆ. ಅದರಲ್ಲಿ ಇಂಗಾಲ ಸುಮಾರು 1.5, ಕ್ರೋಮಿಯಂ ಸುಮಾರು 12 ಶೇಕಡಾ. ಲೆಕ್ಕದಲ್ಲಿ ಸ್ಟೇನ್‌ಲೆಸ್ ಆಗಬೇಕಿತ್ತು. ಆದ್ರೆ ಕ್ರೋಮಿಯಂನ ದೊಡ್ಡ ಪಾಲು ಇಂಗಾಲದ ಜೊತೆ ಸೇರಿ ಕಾರ್ಬೈಡ್ ಆಗಿಬಿಡುತ್ತೆ, ತುಕ್ಕು ತಡೆಯೋಕೆ ಉಳಿಯೋದು ಕಮ್ಮಿ. ಎಂ390 ಥರದ್ದು ತುಕ್ಕು ಹಿಡಿಯಲ್ಲ, ತಿಂಗಳುಗಟ್ಟಲೆ ಹರಿತ ಇರುತ್ತೆ. ಆದ್ರೆ ಅದರಲ್ಲಿ ವನೇಡಿಯಂ ಕಾರ್ಬೈಡ್ ಇದೆ, ಅದು ನಮ್ಮ ಮಾಮೂಲಿ ಸಾಣೆಕಲ್ಲಿಗಿಂತ ಗಟ್ಟಿ. ಮೊಂಡಾದ ದಿನ ಡೈಮಂಡ್ ಕಲ್ಲು ಹುಡುಕಬೇಕು. ಹಾಸ್ಟೆಲಲ್ಲಿ ಯಾರ ಹತ್ರ ಇದೆ ಹೇಳಿ?

ನನ್ನ ಮತ ಸುಮಾರು 13 ಶೇಕಡಾ ಕ್ರೋಮಿಯಂ, ಅರ್ಧ ಶೇಕಡಾ ಆಸುಪಾಸು ಇಂಗಾಲ, 56ರಿಂದ 58 ಗಟ್ಟಿತನದ ಸಾದಾ ಸ್ಟೇನ್‌ಲೆಸ್‌ಗೆ. ವಿಕ್ಟೊರಿನಾಕ್ಸ್ ಅಲಗಿನ ಗಟ್ಟಿತನವೂ 56ರ ಆಸುಪಾಸೇ. ಬೇಗ ಮೊಂಡಾಗುತ್ತೆ ಅಂತ ರೇಗಿಸ್ತಾರೆ. ಹೌದು, ಆಗುತ್ತೆ. ಐದು ನಿಮಿಷ ಕಲ್ಲಿಗೆ ಉಜ್ಜಿದ್ರೆ ವಾಪಸ್ಸೂ ಬರುತ್ತೆ.

3/5
ಈಗ ಆ ಅಲೆ ಅಲೆ ಡಿಸೈನಿನ "ಡಮಾಸ್ಕಸ್" ವಿಷಯ. ಇದು ನನಗೆ ಸ್ವಲ್ಪ ಸಿಟ್ಟು ತರಿಸೋ ವಿಷಯ, ಯಾಕಂದ್ರೆ ಇದರ ಬೇರು ನಮ್ಮಲ್ಲಿದೆ.

ಹಳೇ ಡಮಾಸ್ಕಸ್ ಕತ್ತಿಗಳಿಗೆ ಹೆಸರು ತಂದ ಉಕ್ಕು ದಕ್ಷಿಣ ಭಾರತದಿಂದ ಹೋಗ್ತಿತ್ತು. ಇಂಗ್ಲಿಷಿನವರು ಅದನ್ನ "ವೂಟ್ಸ್" ಅಂತ ಕರೆದ್ರು. ಆ ಪದ ಕನ್ನಡದ "ಉಕ್ಕು" ಇಂದಲೇ ಬಂದಿದ್ದು ಅಂತ ಬಹಳ ವಿದ್ವಾಂಸರ ಅಭಿಪ್ರಾಯ. 1800-01ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ಇಲ್ಲಿ ಉಕ್ಕು ಮಾಡ್ತಿದ್ದ ಕುಲುಮೆಗಳ ಬಗ್ಗೆ ಬರೆದಿದ್ದಾನೆ. ಮಣ್ಣಿನ ಮೂಸೆಯಲ್ಲಿ ಕಬ್ಬಿಣ, ಜೊತೆಗೆ ಕಟ್ಟಿಗೆ ಚೂರು, ಎಲೆ ಹಾಕಿ ಬಾಯಿ ಮುಚ್ಚಿ ಕಾಯಿಸೋದು. ಕಬ್ಬಿಣ ಇಂಗಾಲ ಕುಡಿದು ಕರಗಿ ಉಕ್ಕಿನ ಗಟ್ಟಿ ಆಗೋದು. ಅದನ್ನ ಹುಷಾರಾಗಿ ಬಡಿದಾಗ ಒಳಗಿರೋ ಕಾರ್ಬೈಡ್ ಸಾಲುಸಾಲಾಗಿ ನಿಂತು ನೀರಿನ ಗೆರೆ ತಾನಾಗೇ ಮೂಡುತ್ತಿತ್ತು.

ಈಗ ಲಿಂಕಲ್ಲಿ ಬರೋದು ಅದಲ್ಲ. ಎರಡು ಥರ ಉಕ್ಕನ್ನ ಪದರ ಪದರವಾಗಿ ಬೆಸೆದು, ಆಸಿಡ್‌ನಲ್ಲಿ ಅದ್ದಿ ಗೆರೆ ಎಬ್ಬಿಸಿದ್ದು. ಒಳ್ಳೆ ಕಮ್ಮಾರ ಮಾಡಿದ್ರೆ ಅದೂ ಒಳ್ಳೇ ಅಲಗೇ, ಆ ಕೆಲಸಕ್ಕೆ ನನ್ನ ನಮಸ್ಕಾರ ಇದೆ. ಅಗ್ಗದ್ದರಲ್ಲಿ ಮಾತ್ರ ಗೆರೆ ಬರೀ ಮೇಲ್ಮೈಗೆ ಹಾಕಿದ ಪ್ರಿಂಟ್. ನನ್ನದೂ ಅದೇ. ಸಾಣೆ ಹಿಡಿದಾಗ ಗೆರೆ ಉಜ್ಜಿ ಹೋಯ್ತು, ಕೆಳಗೆ ಮೆತ್ತಗಿನ ತಗಡು. ಯಾವ ಉಕ್ಕು, ಎಷ್ಟು ಗಟ್ಟಿ ಅಂತ ಬರೆಯದೇ ಬರೀ ಡಿಸೈನ್ ತೋರಿಸಿ ಮಾರೋ ಚಾಕು ನಂಬಬೇಡಿ. ನಮ್ಮ ಉಕ್ಕಿನ ಹೆಮ್ಮೆ ಜಾಹೀರಾತಿಗೆ ಹೋಗೋದು ಬೇಡ.

4/5
ಹಿಡಿ. ಎಲ್ಲರೂ ಬಣ್ಣ ನೋಡ್ತಾರೆ, ನಾನೂ ನೋಡಿದ್ದೆ.

ಮರ: ಹಿಡಿಯೋಕೆ ಬೆಚ್ಚಗೆ, ಬೆವರಿದ್ರೂ ಅಷ್ಟು ಜಾರಲ್ಲ. ಆದ್ರೆ ಮಳೇಲಿ ನೆಂದು ಊದುತ್ತೆ. ಒಪಿನೆಲ್ ಹಿಡಿ ನೆಂದ್ರೆ ಅಲಗು ಒಳಗೇ ಸಿಕ್ಕಿಹಾಕಿಕೊಳ್ಳೋದು ಎಲ್ಲರಿಗೂ ಗೊತ್ತಿರೋ ಕಾಯಿಲೆ. ಎಣ್ಣೆ ಕುಡಿಸಿ ಒಣಗಿಸ್ತಾ ಇದ್ರೆ ಬಾಳಿಕೆ ಬರುತ್ತೆ.

ನಯವಾದ ಪ್ಲಾಸ್ಟಿಕ್, ರೆಸಿನ್: ತೊಳೆಯೋದು ಸುಲಭ, ಊದಲ್ಲ. ಒದ್ದೆ ಕೈಗೆ ಸೋಪು ಹಿಡಿದ ಹಾಗೆ.

ಲೋಹ: ಹಿತ್ತಾಳೆ ಭಾರ, ಕೈಯೆಲ್ಲ ವಾಸನೆ. ಅಲ್ಯೂಮಿನಿಯಂ ಹಗುರ, ಆದ್ರೆ ಬಿಸಿಲಲ್ಲಿ ಇಟ್ಟು ಮರೆತ್ರೆ ಮುಟ್ಟೋಕಾಗಲ್ಲ. ನಯ ಇದ್ರೆ ಇವೂ ಜಾರುತ್ತವೆ.

ಗ್ಲಾಸ್ ಫೈಬರ್ ಸೇರಿಸಿದ ನೈಲಾನ್, ಜಿ10: ಜಿ10 ಅಂದ್ರೆ ಗಾಜಿನ ನಾರಿನ ಬಟ್ಟೆ, ಎಪಾಕ್ಸಿ ಸೇರಿಸಿ ಒತ್ತಿದ ಹಲಗೆ. ನೀರು ಕುಡಿಯಲ್ಲ, ಮೇಲ್ಮೈ ಒರಟು. ನೋಡೋಕೆ ಸ್ವಿಚ್ ಬೋರ್ಡ್ ಥರ, ಆದ್ರೆ ನನ್ನ ವೋಟು ಇದಕ್ಕೇ. ಇದನ್ನ ಮನೇಲಿ ಉಜ್ಜಿ ಶೇಪ್ ಮಾಡೋಕೆ ಹೋಗ್ಬೇಡಿ, ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು.

ಕೊಂಬು: ಜಿಂಕೆ ಕೊಂಬು, ಕಡವೆ ಕೊಂಬು ಅಂತ ಯಾರಾದ್ರೂ ತೋರಿಸಿದ್ರೆ ಕೈಮುಗಿದು ಬನ್ನಿ. ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಕೇಸ್ ಬೀಳೋ ವಿಷಯ ಅದು.

ಅಂಗಡಿಯಲ್ಲಿ ಪರೀಕ್ಷೆ ಸುಲಭ. ಕೈ ತೊಳೆದು, ಒರೆಸದೇ, ಅಲಗು ಮಡಚಿಟ್ಟೇ ಹಿಡಿಯನ್ನ ಬಿಗಿಯಾಗಿ ಹಿಡಿದು ತಿರುಗಿಸಿ ನೋಡಿ. ತಿರುಗಿದ್ರೆ ವಾಪಸ್ ಇಡಿ. ಆಮೇಲೆ ಲಾಕ್ ಕೇಳಿ. ಕಸಿ ಚಾಕು ಬಹಳಷ್ಟು ಬರೀ ಸ್ಪ್ರಿಂಗ್ ಬಲದಲ್ಲಿ ನಿಂತಿರುತ್ತೆ, ಅಲಗಿನ ಬೆನ್ನಿಗೆ ಒತ್ತಡ ಬಿದ್ರೆ ಬೆರಳಿನ ಮೇಲೇ ಮಡಚಿಕೊಳ್ಳುತ್ತೆ. ಒಪಿನೆಲ್‌ನವರು ಅಲಗು ತಡೆಯೋ ಉಂಗುರ ತಂದಿದ್ದು 1955ರಲ್ಲಿ. ಅಷ್ಟು ಹಳೇ ಉಪಾಯ, ಇನ್ನೂ ಕೇಳಿ ತಗೋಬೇಕು.

5/5
ಈಗ ನನಗೆ ಬೀಳೋ ಬೈಗುಳಗಳಿಗೆ ಮೊದಲೇ ಉತ್ತರ.

"ನರ್ಸರಿ ಮಾಲಿ ಅಣ್ಣನವರು ಕಾರ್ಬನ್ನೇ ಇಟ್ಕೊಂಡಿರ್ತಾರಲ್ಲ?" ಹೌದು, ಅವರ ಕಸಿ ನಮ್ಮದಕ್ಕಿಂತ ಚೆನ್ನಾಗಿ ಹತ್ತುತ್ತೆ. ಆದ್ರೆ ನಾಲ್ಕು ಗಿಡಕ್ಕೊಮ್ಮೆ ಅಲಗು ಒರೆಸ್ತಾರೆ, ದಿನಾ ಬೆಳಗ್ಗೆ ಸಾಣೆ ಹಿಡೀತಾರೆ, ಸಂಜೆ ಎಣ್ಣೆ ಸವರ್ತಾರೆ. ನಾವು ಸೊನೆ ಸಮೇತ ಮಡಚಿ ಬ್ಯಾಗಿಗೆ ಹಾಕಿ ಕ್ಯಾಂಟೀನಿಗೆ ಓಡ್ತೀವಿ. ಅವರ ಅಭ್ಯಾಸ ಬಂದ ದಿನ ಅವರ ಚಾಕು ತಗೊಳ್ಳೋಣ.

"ಶೇವಿಂಗ್ ಬ್ಲೇಡ್ ಸಾಲದಾ?" ಎಳೇ ಕಡ್ಡಿಗೆ ಸಾಕು, ನಿಜ. ಗಟ್ಟಿ ಕಡ್ಡಿಗೆ ಬಾಗುತ್ತೆ, ಹಿಡಿಯೋಕೆ ಹಿಡಿಯೇ ಇಲ್ಲ.

ಕೊನೆಗೆ ಮೂರು ಮಾತು. ಒಂದು, ಕಸಿ ಚಾಕುವಿನ ಅಲಗು ಒಂದು ಕಡೆ ಚಪ್ಪಟೆ, ಇನ್ನೊಂದು ಕಡೆ ಇಳಿಜಾರು. ಇಳಿಜಾರಿನ ಕಡೆ ಮಾತ್ರ ಸಾಣೆ ಹಿಡಿಯಿರಿ, ಚಪ್ಪಟೆ ಕಡೆ ಕಲ್ಲಿಗೆ ಪೂರ್ತಿ ತಾಗಿಸಿ ಒಂದೆರಡು ಸಲ ಎಳೆದ್ರೆ ಸಾಕು. ಎಡಚರೇ, ನಿಮ್ಮದು ಉಲ್ಟಾ ಇರಬೇಕು, ಕೇಳಿ ತಗೊಳ್ಳಿ. ಎರಡು, ಗಿಡದಿಂದ ಗಿಡಕ್ಕೆ ಹೋಗುವಾಗ ಸ್ಪಿರಿಟ್‌ನಲ್ಲಿ ಒರೆಸಿ. ಬ್ಲೀಚ್ ಸ್ಟೇನ್‌ಲೆಸ್ಸನ್ನೂ ಚುಚ್ಚುತ್ತೆ. ಮೂರು, ರಜೆಗೆ ಊರಿಗೆ ಹೋಗುವಾಗ ಚಾಕು ಹಾಸ್ಟೆಲಲ್ಲೇ ಬಿಡಿ. ವಿಮಾನದ ಕೈಚೀಲದಲ್ಲಂತೂ ಬೇಡವೇ ಬೇಡ.

ಇದೆಲ್ಲ ಯಾಕೆ ಅಂದ್ರೆ, ಮೊಂಡು ಚಾಕು ನಿಮ್ಮ ಬೆರಳನ್ನ ಮಾತ್ರ ಕೆಡಿಸಲ್ಲ. ಕೊಯ್ತ ಒಂದೇ ಎಳೆತದಲ್ಲಿ ಸಮವಾಗಿ ಬರಲಿಲ್ಲ ಅಂದ್ರೆ ಸಯಾನ್, ರೂಟ್‌ಸ್ಟಾಕ್ ಮಧ್ಯೆ ಗಾಳಿ ಉಳಿಯುತ್ತೆ, ಕ್ಯಾಂಬಿಯಂ ಕೂಡಲ್ಲ, ವಾರದಲ್ಲಿ ಕಡ್ಡಿ ಒಣಗುತ್ತೆ. ಆ ಬ್ಯಾಚಲ್ಲಿ ನಾನು ಕಟ್ಟಿದ ನಲವತ್ತರಲ್ಲಿ ಹತ್ತಿದ್ದು ಒಂಬತ್ತು. ಹೊಲಿಗೆಗಿಂತ ಜಾಸ್ತಿ ನೋವಾಗಿದ್ದು ಅದು.

ಬಜೆಟ್ ಕಮ್ಮಿ ಇದ್ರೆ ಚಾಕುವಿನ ದುಡ್ಡಲ್ಲೇ ಉಳಿಸಿ, 1000 ಗ್ರಿಟ್ಟಿನ ಕಲ್ಲು ತಗೊಳ್ಳಿ. ಕಲ್ಲು ಇದ್ದೋರು ಶನಿವಾರ ಸಂಜೆ ನರ್ಸರಿ ಶೆಡ್ ಹತ್ರ ಬನ್ನಿ, ಒಟ್ಟಿಗೆ ಸಾಣೆ ಹಿಡಿಯೋಣ. ಇಲ್ಲದೋರೂ ಬನ್ನಿ, ನನ್ನದಿದೆ.

ನಿಮ್ಮ ಜೇಬಲ್ಲಿ ಯಾವ ಚಾಕು ಇದೆ? ಫೋಟೋ ಹಾಕಿ. ಹಿಡಿ ಒದ್ದೆ ಮಾಡಿ ನೋಡಿದ್ರಾ ಅಂತಾನೂ ಬರೀರಿ.

#ಕಸಿಚಾಕು #ಸಾಣೆಕಲ್ಲು #ಉಕ್ಕು #ತೋಟಗಾರಿಕೆ #ಜೂನಿಯರ್ಸ್‌ಗೆ