ನಾಲ್ಕು ಜನರ ಕ್ಯಾಬಿನ್, ಆದರೆ ನಮ್ಮ ನಾಲ್ವರಿಗಲ್ಲ

ಹಡಗಿನ ಕ್ಯಾಬಿನ್‌ಗೆ ಕಾಲಿಟ್ಟ ಮೊದಲ ನಿಮಿಷಕ್ಕೇ ಗೊತ್ತಾಗಿಹೋಯ್ತು, ಎಡವಟ್ಟು ಮಾಡ್ಕೊಂಡಿದ್ದೀವಿ ಅಂತ. ಬಾಗಿಲಲ್ಲಿ ನಾನು, ಕಂಕುಳಲ್ಲಿ ಒಂದೂವರೆ ವರ್ಷದ ಮಗ, ಪಕ್ಕದಲ್ಲಿ ನಾಲ್ಕೂವರೆ ವರ್ಷದ ಮಗಳು. ಹಿಂದೆ ಎರಡು ಬ್ಯಾಗ್ ಹಿಡಿದ ನಮ್ಮವರು. ನಾನು ಪಕ್ಕಕ್ಕೆ ಸರಿದರೆ ಮಾತ್ರ ಅವರು ಒಳಗೆ ಬರಬಹುದು. ಸರಿಯೋಣ ಅಂದ್ರೆ ಅಲ್ಲಿ ಪಕ್ಕವೇ ಇರಲಿಲ್ಲ.

ಒಂದು ವಿಷಯ ಮೊದಲೇ ಹೇಳಿಬಿಡ್ತೀನಿ. ನಾನು 104 ಕೆ.ಜಿ., ನಮ್ಮವರು 121. ಈ ಸಲದ ಅಂಕಣ ಪೂರ್ತಿ ಈ ಎರಡು ಸಂಖ್ಯೆಗಳ ಮೇಲೇ ನಿಂತಿದೆ. ಡಯಟ್ ಸಲಹೆ ಕೊಡಬೇಕು ಅನ್ನೋರು ಸ್ವಲ್ಪ ತಾಳಿ. ತೂಕ ಇಳಿಯೋವರೆಗೆ ಮಕ್ಕಳ ಬೇಸಿಗೆ ರಜೆ ಕಾಯೋದಿಲ್ಲ.

ಅದು ಕಳೆದ ವರ್ಷದ ಮಾತು. ಮುಂಬೈಯಿಂದ ಗೋವಾ ಕಡೆಗೆ ಎರಡು ರಾತ್ರಿಯ ಪಯಣ. ಬುಕ್ ಮಾಡುವಾಗ ‘4 ಜನರಿಗೆ’ ಅಂತ ಇತ್ತು. ನಾವೂ ನಾಲ್ಕು ಜನ, ಇನ್ನೇನು ನೋಡೋದು ಅಂತ ದುಡ್ಡು ಕಟ್ಟಿದ್ವಿ.

ಸಂಜೆ ಕ್ಯಾಬಿನ್ ಹುಡುಗ ಬಂದು, ಮಂಚದ ಮೇಲೆ ಗೋಡೆಗೆ ಮಡಚಿಟ್ಟಿದ್ದ ಎರಡು ಬರ್ತ್‌ಗಳನ್ನು ಇಳಿಸಿ, ಏಣಿ ಸಿಕ್ಕಿಸಿ, ನಗುನಗುತ್ತಾ ಗುಡ್ ನೈಟ್ ಹೇಳಿ ಹೋದ. ರೈಲಿನ ಅಪ್ಪರ್ ಬರ್ತ್ ನೆನಪಿಸಿಕೊಳ್ಳಿ, ಹೆಚ್ಚುಕಮ್ಮಿ ಅದೇ. ನಮ್ಮವರು ಏಣಿಯ ಮೊದಲ ಮೆಟ್ಟಿಲಿಗೆ ಕಾಲಿಟ್ಟರು, ಅದು ಕಿರ್ರ್ ಅಂತು, ಇಳಿದುಬಿಟ್ಟರು. ಮಗಳನ್ನು ಮೇಲೆ ಹತ್ತಿಸಲು ನನಗೆ ಧೈರ್ಯ ಬರಲಿಲ್ಲ. ಕೊನೆಗೆ ಕೆಳಗಿನ ಮಂಚದಲ್ಲಿ ನಾನು, ಎರಡು ಮಕ್ಕಳು. ನಮ್ಮವರು ನೆಲದ ಮೇಲೆ ಹೊದಿಕೆ ಹಾಸಿಕೊಂಡು, ತಲೆ ಮೇಜಿನ ಕೆಳಗೆ, ಕಾಲು ಬಾಗಿಲ ಕಡೆಗೆ. ಎರಡೂ ರಾತ್ರಿ ಹೀಗೇ.

ಸ್ನಾನದ ಕಥೆ ಇನ್ನೂ ಚೆಂದ. ಶವರ್ ಜಾಗದಲ್ಲಿ ನಾನೊಬ್ಬಳು ನಿಂತರೆ ಪರದೆ ಬಂದು ಮೈಗೆ ಅಂಟಿಕೊಳ್ತಿತ್ತು. ಮಗುವಿಗೆ ಸ್ನಾನ ಮಾಡಿಸಬೇಕು ಅಂದ್ರೆ ಬಗ್ಗಬೇಕು, ಬಗ್ಗಿದರೆ ಬೆನ್ನು ಗೋಡೆಗೆ ತಾಗುತ್ತೆ. ಮಗನನ್ನು ವಾಶ್ ಬೇಸಿನ್‌ನಲ್ಲಿ ಕೂರಿಸಿ ಮೈ ಒರೆಸಿದ್ದಾಯ್ತು. ಬಾಗಿಲಲ್ಲಿ ನಿಂತು ನೋಡ್ತಿದ್ದ ಮಗಳು ಕೇಳಿದಳು, “ಅಮ್ಮ, ನೀನು ದಪ್ಪ ಇರೋದಕ್ಕಾ ಪಾಪುಗೆ ಸ್ನಾನ ಇಲ್ಲ?”

ಅವಳಿಗೆ ಕುಹಕ ಗೊತ್ತಿಲ್ಲ. ಕಂಡಿದ್ದನ್ನು ಕೇಳಿದಳು. ನಾನು ಉತ್ತರ ಕೊಡಲಿಲ್ಲ.

ಲೆಕ್ಕ ತಪ್ಪಿದ್ದೆಲ್ಲಿ?

ಊರಿಗೆ ಬಂದ ಮೇಲೆ ತಣ್ಣಗೆ ಕೂತು ಯೋಚನೆ ಮಾಡಿದೆ. ಹಡಗಿನ ಸಾಮಾನ್ಯ ಕ್ಯಾಬಿನ್ ಸುಮಾರು 150ರಿಂದ 190 ಚದರಡಿ ಇರುತ್ತೆ, ಬಾತ್‌ರೂಮೂ ಸೇರಿ. ಬಾಲ್ಕನಿ ಇದ್ದರೆ ಕೆಲವರು ಅದನ್ನೂ ಸೇರಿಸಿ ಅಳತೆ ಹೇಳ್ತಾರೆ. ಅದರಲ್ಲಿ ನಾಲ್ಕು ಜನರ ಲೆಕ್ಕ ಬರೋದು ಹೀಗೆ: ಕೆಳಗೆ ಜೋಡಿಸಬಹುದಾದ ಎರಡು ಮಂಚ, ಮೇಲೆ ಎರಡು ಮಡಚುವ ಬರ್ತ್. ಇಲ್ಲವೇ ಒಂದು ಬರ್ತ್, ಒಂದು ಸೋಫಾ ಕಮ್ ಬೆಡ್.

ಆರು ವರ್ಷದೊಳಗಿನ ಮಕ್ಕಳನ್ನು ಮೇಲಿನ ಬರ್ತ್‌ನಲ್ಲಿ ಮಲಗಿಸಬಾರದು ಅನ್ನೋದು ಸಾಮಾನ್ಯ ಸುರಕ್ಷತಾ ಸಲಹೆ. ನಮ್ಮಂಥ ಗಾತ್ರದ ದೊಡ್ಡವರು ಅಲ್ಲಿ ಹತ್ತೋದೂ ಕಷ್ಟ, ಹತ್ತಿದರೆ ಮಗ್ಗುಲು ಬದಲಿಸೋದೂ ಕಷ್ಟ. ಹಾಗಾದರೆ ಮೇಲೆ ಮಲಗೋರು ಯಾರು? ಕಾಗದದ ಮೇಲೆ ನಾಲ್ಕು ಬರ್ತ್, ನಮಗೆ ದಕ್ಕಿದ್ದು ಎರಡು. ತಪ್ಪು ನಮ್ಮ ಮೈಯದ್ದಲ್ಲ, ಆ ಲೆಕ್ಕದ್ದು. ಇಷ್ಟು ಸಣ್ಣ ವಿಷಯ ಅರ್ಥ ಮಾಡಿಕೊಳ್ಳೋಕೆ ನನಗೆ ತಿಂಗಳುಗಳೇ ಬೇಕಾಯ್ತು.

ಇನ್ನೊಂದು ವಿಷಯ. ತೊಟ್ಟಿಲಿನ ಕೂಸಾದರೂ ಕ್ಯಾಬಿನ್ ಲೆಕ್ಕದಲ್ಲಿ ಒಂದು ತಲೆಯೇ. ವಿಮಾನದ ಹಾಗೆ ‘ಮಡಿಲಲ್ಲಿ ಕೂರಿಸ್ಕೋತೀವಿ’ ಅನ್ನೋ ಹಾಗಿಲ್ಲ. ಲೈಫ್‌ಬೋಟ್‌ನಲ್ಲಿ ಎಷ್ಟು ಜನ ಅನ್ನೋದರ ಮೇಲೆ ಹಡಗಿನ ಲೆಕ್ಕ ನಿಂತಿರುತ್ತೆ. ಬಹಳಷ್ಟು ಕಂಪನಿಗಳು ಆರು ತಿಂಗಳಾಗದ ಕೂಸನ್ನು ಹತ್ತಿಸಿಕೊಳ್ಳೋದೇ ಇಲ್ಲ. ಸಾಗರ ದಾಟುವ ದೀರ್ಘ ಪಯಣಕ್ಕೆ ಒಂದು ವರ್ಷ ತುಂಬಿರಬೇಕು ಅನ್ನೋ ನಿಯಮವೂ ಇರುತ್ತೆ.

ಯಾರಿಗೂ ಹೇಳದ ಮಾತು

ಆ ಪಯಣದ್ದು ಒಂದು ಸಂಗತಿ ಮನೆಯಲ್ಲೂ ಯಾರಿಗೂ ಹೇಳಿರಲಿಲ್ಲ. ಕ್ಯಾಬಿನ್ ಕಪಾಟಿನಲ್ಲಿ ಲೈಫ್ ಜಾಕೆಟ್ ಇತ್ತು. ಹಾಕಿ ನೋಡಿದ್ವಿ. ನನ್ನದು ಉಸಿರು ಬಿಗಿಹಿಡಿದರೆ ಬಕಲ್ ಬೀಳ್ತಿತ್ತು. ನಮ್ಮವರದ್ದು ನಾಲ್ಕು ಬೆರಳು ಕಡಿಮೆ.

“ಬೇರೆ ಕೇಳೋಣ್ವಾ?” ಅಂದೆ.

“ಬಿಡೇ, ಎಲ್ಲರ ಮುಂದೆ ಯಾಕೆ. ಏನಾಗುತ್ತೆ?” ಅಂದರು.

ನಾನೂ ಸುಮ್ಮನಾದೆ. ಎರಡು ಸಣ್ಣ ಮಕ್ಕಳನ್ನು ಕಟ್ಟಿಕೊಂಡು, ಸಮುದ್ರದ ಮಧ್ಯೆ, ಅವರಪ್ಪನಿಗೆ ಆಗುವ ಲೈಫ್ ಜಾಕೆಟ್ ಇಲ್ಲದೆ ಎರಡು ರಾತ್ರಿ ಕಳೆದ್ವಿ. ಕಾರಣ? ನಾಚಿಕೆ. ಬರೀ ನಾಚಿಕೆ. ಈಗ ನೆನೆಸಿಕೊಂಡರೆ ಆ ಇಕ್ಕಟ್ಟು, ಆ ನೆಲದ ಹಾಸಿಗೆ ಯಾವುದೂ ದೊಡ್ಡದು ಅನ್ನಿಸಲ್ಲ. ಇದೊಂದೇ ಎದೆ ಝಲ್ಲೆನಿಸುತ್ತೆ.

ನಿಯಮ ಏನು ಅಂತ ಆಮೇಲೆ ಓದಿದೆ. ಟೈಟಾನಿಕ್ ಮುಳುಗಿದ ಎರಡು ವರ್ಷಕ್ಕೆ, 1914ರಲ್ಲಿ, ಸಮುದ್ರದ ಮೇಲೆ ಜೀವರಕ್ಷಣೆಗಾಗಿ ಒಂದು ಅಂತಾರಾಷ್ಟ್ರೀಯ ಒಪ್ಪಂದ ಆಯ್ತು. ಅದನ್ನು ‘ಸೋಲಾಸ್’ ಅಂತಾರೆ. ಆಮೇಲೆ ಎಷ್ಟೋ ಸಲ ತಿದ್ದುಪಡಿಯಾಗಿದೆ. ಅಂತಾರಾಷ್ಟ್ರೀಯ ಪಯಣದ ಹಡಗುಗಳಿಗೆ ಈಗ ಅದು ಹೇಳೋದು ಇಷ್ಟು: ದೊಡ್ಡವರ ಲೈಫ್ ಜಾಕೆಟ್ 140 ಕೆ.ಜಿ. ತೂಕ, 1,750 ಮಿ.ಮೀ. ಎದೆ ಸುತ್ತಳತೆಯವರೆಗೆ ಆಗಬೇಕು. ಆಗದಿದ್ದರೆ, ಅಂಥವರಿಗೂ ಭದ್ರವಾಗಿ ಕಟ್ಟೋಕೆ ಬೇಕಾದ ಜೋಡಣೆ ಹಡಗಿನಲ್ಲಿ ಸಾಕಷ್ಟು ಇರಲೇಬೇಕು. ಪಯಣ 24 ಗಂಟೆ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಹಡಗಲ್ಲಿರುವ ಪ್ರತಿ ಕೂಸಿಗೂ ಒಂದೊಂದು ಶಿಶು ಜಾಕೆಟ್ ಇರಬೇಕು.

ಅಂದರೆ ನಮ್ಮಂಥವರು ಬರ್ತಾರೆ ಅಂತ ನಿಯಮ ಬರೆದವರಿಗೆ ಗೊತ್ತಿತ್ತು. ಕೇಳಬೇಕಿದ್ದದ್ದು ನಾವು.

ಹಾಲ್‌ನಲ್ಲಿ ಕುಂಟೆಬಿಲ್ಲೆ

ಈ ಮೇನಲ್ಲಿ ಸಿಂಗಾಪುರದಿಂದ ನಾಲ್ಕು ರಾತ್ರಿಯ ಕ್ರೂಸ್‌ಗೆ ಹೋಗೋಣ ಅಂತ ನಮ್ಮವರು ಅಂದಾಗ ನಾನು ಒಂದೇ ಷರತ್ತು ಹಾಕಿದೆ. ಬುಕಿಂಗ್ ನಾನು ಮಾಡ್ತೀನಿ, ನಾನು ಕೇಳೋ ಪ್ರಶ್ನೆಗೆ ನೀವು ಮುಜುಗರ ಪಡಬಾರದು.

ಏಜೆಂಟ್ ಹುಡುಗ ಶುರು ಮಾಡಿದ, “ಮೇಡಂ, ಟೂ ಪ್ಲಸ್ ಟೂ ಅಲ್ವಾ? ಬಾಲ್ಕನಿ ಹಾಕ್ಲಾ, ಆಫರ್ ಇದೆ.”

“ಮೊದಲು ಅಳತೆ ಹೇಳಪ್ಪ. ಶವರ್ ಎಷ್ಟು ಅಗಲ? ಬಾತ್‌ರೂಮ್ ಬಾಗಿಲು ಎಷ್ಟು ಇಂಚು?”

ಆ ಕಡೆ ಮೌನ. “ಅದನ್ನ ಯಾರೂ ಕೇಳಲ್ಲ ಮೇಡಂ.”

“ನಾನು ಕೇಳ್ತಿದೀನಿ. ನಾವಿಬ್ರೂ ದಪ್ಪ ಇದೀವಿ, ಮಕ್ಕಳು ಸಣ್ಣವು. ಕಂಪನಿಯವರನ್ನ ಕೇಳಿ ಹೇಳು.”

ಆ ಒಂದು ವಾಕ್ಯ ಬಾಯಿಂದ ಬರೋಕೆ ಒಂದು ವರ್ಷ ಹಿಡಿದಿತ್ತು. ಹುಡುಗ ನಗಲಿಲ್ಲ. “ಸರಿ ಮೇಡಂ, ಮೇಲ್ ಹಾಕ್ತೀನಿ” ಅಂದ, ಅಷ್ಟೇ.

ಮೂರನೇ ದಿನ ಉತ್ತರ ಬಂತು. ಸಾಮಾನ್ಯ ಕ್ಯಾಬಿನ್ ಶವರ್ 30 ಇಂಚು ಚೌಕ, ಬಾಗಿಲು 23 ಇಂಚು. ಹಾಲ್ ನೆಲದ ಮೇಲೆ ಟೇಪ್ ಅಂಟಿಸಿ 30 ಇಂಚಿನ ಚೌಕ ಮಾಡಿ, ಮಗನನ್ನು ಒಳಗೆ ನಿಲ್ಲಿಸಿ, ಬಗ್ಗಿ ನೋಡಿದೆ. ಅತ್ತೆ ಅಡುಗೆಮನೆಯಿಂದ ಇಣುಕಿ, “ಏನಮ್ಮಾ, ಈ ವಯಸ್ಸಲ್ಲಿ ಕುಂಟೆಬಿಲ್ಲೆ?” ಅಂದರು. ನಗಾಡಿ, ಆಮೇಲೆ ತಾವೇ ಬಂದು ಟೇಪಿನ ಇನ್ನೊಂದು ತುದಿ ಹಿಡಿದರು. ಚೌಕದೊಳಗೆ ನಾನು ಒಬ್ಬಳೇ ನಿಂತರೆ ಸರಿ, ಬಗ್ಗಿದರೆ ಇಲ್ಲ. ಮನೆಯಲ್ಲೇ ಗೊತ್ತಾಯ್ತಲ್ಲ, ಹಡಗು ಹತ್ತಿದ ಮೇಲಲ್ಲ.

ಇದ್ದ ದಾರಿಗಳು

ಮೊದಲನೆಯದು ಬಾತ್‌ಟಬ್ ಇರುವ ಫ್ಯಾಮಿಲಿ ಕ್ಯಾಬಿನ್. ಮಕ್ಕಳ ಸ್ನಾನಕ್ಕೆ ಅನುಕೂಲ. ಆದರೆ ಅಲುಗಾಡೋ ಹಡಗಿನಲ್ಲಿ ಟಬ್ಬಿನ ಅಂಚು ದಾಟಿ ಒಳಗೆ ಕಾಲಿಡೋದು ನಮ್ಮ ಮಂಡಿಗೆ ಕಷ್ಟ. ಡಿಸ್ನಿ ಹಡಗುಗಳ ಬಹಳಷ್ಟು ಕ್ಯಾಬಿನ್‌ಗಳಲ್ಲಿ ಟಾಯ್ಲೆಟ್ ಒಂದು ಕಡೆ, ಸ್ನಾನದ ಜಾಗ ಇನ್ನೊಂದು ಕಡೆ. ಬೆಳಗ್ಗೆ ಇಬ್ಬರು ಮಕ್ಕಳನ್ನು ಹೊರಡಿಸೋರಿಗೆ ಅದರ ಬೆಲೆ ಗೊತ್ತು. ನಮ್ಮ ಬಜೆಟ್ಟಿಗೆ ಹೊಂದಲಿಲ್ಲ.

ಎರಡನೆಯದನ್ನು ಏಜೆಂಟ್ ಹುಡುಗನೇ ಹೇಳಿದ. “ಮೇಡಂ, ವ್ಹೀಲ್‌ಚೇರ್ ಕ್ಯಾಬಿನ್ ಟ್ರೈ ಮಾಡ್ಲಾ? ಅಲ್ಲಿ ಎಲ್ಲಾ ದೊಡ್ಡದಿರುತ್ತೆ.” ನಿಜ. ಅದರ ಬಾಗಿಲು ಸುಮಾರು 32 ಇಂಚು, ಶವರ್‌ಗೆ ಹೊಸಿಲಿಲ್ಲ, ಕೂರೋಕೆ ಸೀಟು, ಹಿಡಿಯೋಕೆ ಕಂಬಿ. ಆಸೆಯಾಯ್ತು, ಸುಳ್ಳು ಹೇಳಲ್ಲ. ಆದರೆ ಇಡೀ ಹಡಗಿನಲ್ಲಿ ಅಂಥವು ಬೆರಳೆಣಿಕೆಯಷ್ಟು. ನಮ್ಮ ದೊಡ್ಡಮ್ಮ ಎಂಟು ವರ್ಷದಿಂದ ವ್ಹೀಲ್‌ಚೇರ್‌ನಲ್ಲಿದ್ದಾರೆ. ಅಂಥವರೊಬ್ಬರ ಪಯಣ ನನ್ನಿಂದ ತಪ್ಪೋದು ಬೇಡ ಅನ್ನಿಸಿತು. ತೂಕದ ಜತೆ ನಡೆಯೋಕೂ ತೊಂದರೆ ಇರುವವರು, ವಾಕರ್ ಹಿಡಿಯುವವರು ಸಂಕೋಚವಿಲ್ಲದೆ ಕೇಳಿ, ಅದು ಇರೋದೇ ನಿಮಗಾಗಿ. ನನಗೆ ಬೇಕಿದ್ದದ್ದು ಜಾಗ ಮಾತ್ರ.

ಮೂರನೆಯದು, ನಾವು ಆರಿಸಿಕೊಂಡದ್ದು: ಕಿಟಕಿಯೇ ಇಲ್ಲದ, ಎಲ್ಲಕ್ಕಿಂತ ಅಗ್ಗದ ಇನ್‌ಸೈಡ್ ಕ್ಯಾಬಿನ್ ಎರಡು, ನಡುವೆ ಬಾಗಿಲು. ಒಂದೇ ಕ್ಯಾಬಿನ್‌ನಲ್ಲಿ ಮೂರನೆಯ, ನಾಲ್ಕನೆಯ ತಲೆಗೆ ದರ ಕಡಿಮೆ ಇರೋದರಿಂದ ಎರಡು ಕ್ಯಾಬಿನ್ ಅಂದ ಕೂಡಲೇ ದುಬಾರಿ ಅನ್ನಿಸುತ್ತೆ. ಹಾಕಿ ನೋಡಿದರೆ ಒಂದು ಬಾಲ್ಕನಿ ಕ್ಯಾಬಿನ್‌ಗಿಂತ ನಮಗೆ ಹೆಚ್ಚಾಗಿದ್ದು ಸುಮಾರು 22 ಸಾವಿರ. ಎರಡು ಬಾತ್‌ರೂಮ್, ನಾಲ್ಕು ಕೆಳಗಿನ ಮಂಚ. ಬಾಲ್ಕನಿ ಇಲ್ಲದ್ದಕ್ಕೆ ಬೇಜಾರಿಲ್ಲ. ಕುರ್ಚಿ ಎಳೆದು ಹತ್ತೋ ವಯಸ್ಸಿನ ಮಗನಿರುವಾಗ ಅದರ ಬಾಗಿಲು ಕಾಯೋದೇ ಒಂದು ಕೆಲಸ.

ಶವರ್ ಇಲ್ಲೂ 30 ಇಂಚೇ. ಆದರೆ ಎರಡು ಕ್ಯಾಬಿನ್ ಆದಾಗ ನೆಲ ಖಾಲಿ ಉಳಿಯಿತು. ಗಾಳಿ ತುಂಬುವ ಸಣ್ಣ ಟಬ್ ತಗೊಂಡು ಹೋಗಿದ್ದೆ. ಬಾತ್‌ರೂಮ್ ಬಾಗಿಲ ಹೊರಗೆ ಟವೆಲ್ ಹಾಸಿ, ಅದರ ಮೇಲೆ ಟಬ್ ಇಟ್ಟು, ಎರಡು ಜಗ್ ನೀರು. ನಾನು ಮಣೆ ಹಾಕಿ ಕೂತ ಹಾಗೆ ಆರಾಮಾಗಿ ನೆಲದಲ್ಲಿ ಕೂತು ಸ್ನಾನ ಮಾಡಿಸಿದೆ.

ಬುಕ್ ಮಾಡುವ ಮುಂಚೆ ಕೇಳಿ

• ‘ಕನೆಕ್ಟಿಂಗ್’ ಅಂದರೆ ಒಳಬಾಗಿಲು ಇರುತ್ತೆ, ‘ಅಡ್ಜಸೆಂಟ್’ ಅಂದರೆ ಬರೀ ಪಕ್ಕಪಕ್ಕ. ಕ್ಯಾಬಿನ್ ನಂಬರ್ ಹಾಕಿಸಿ ಬರಹದಲ್ಲಿ ತಗೊಳ್ಳಿ. ಸಾಮಾನ್ಯವಾಗಿ ಎರಡೂ ಕ್ಯಾಬಿನ್‌ಗೆ ಒಬ್ಬೊಬ್ಬ ದೊಡ್ಡವರ ಹೆಸರು ಬೇಕು.

• ಶವರ್ ಅಗಲ, ಬಾತ್‌ರೂಮ್ ಬಾಗಿಲು, ಪರದೆಯೋ ಗಾಜಿನ ಬಾಗಿಲೋ. ಬಾತ್‌ರೂಮ್ ಹೊಸಿಲು ಎತ್ತರ ಇದ್ದರೆ ಮಕ್ಕಳು ಎಡವುತ್ತವೆ.

• ಮೇಲಿನ ಬರ್ತ್, ಸೋಫಾ ಬೆಡ್ ಎಷ್ಟು ತೂಕ ತಡೆಯುತ್ತೆ? ಕೆಳಗಿನ ಮಂಚ ಬೇರೆ ಮಾಡಬಹುದಾ?

• ಮಗುವಿನ ತೊಟ್ಟಿಲು ಬುಕಿಂಗ್ ಸಮಯದಲ್ಲೇ ಕೇಳಿ. ಅದನ್ನಿಟ್ಟ ಮೇಲೆ ಓಡಾಡೋಕೆ ಜಾಗ ಉಳಿಯುತ್ತಾ ಅಂತಲೂ ಕೇಳಿ.

• ತಲೆ ಸುತ್ತುವವರಿದ್ದರೆ ಹಡಗಿನ ಮಧ್ಯಭಾಗ, ಕೆಳಗಿನ ಡೆಕ್. ಅಲುಗಾಟ ಅಲ್ಲಿ ಕಡಿಮೆ.

• ಡಯಾಪರ್ ಮಕ್ಕಳನ್ನು ಬಹಳಷ್ಟು ಹಡಗುಗಳ ಈಜುಕೊಳಕ್ಕೆ ಬಿಡಲ್ಲ. ವಾಟರ್ ಸ್ಲೈಡ್‌ಗೂ ತೂಕದ ಮಿತಿ ಇರುತ್ತೆ. ಮಕ್ಕಳ ಮುಂದೆ ಸಾಲಿನಲ್ಲಿ ನಿಂತು ವಾಪಸ್ ಬರೋದಕ್ಕಿಂತ ಮೊದಲೇ ತಿಳಿದರೆ ಒಳ್ಳೇದು.

ಕೊನೆಗೆ, ಆ ಜಾಕೆಟ್

ಸಿಂಗಾಪುರದಲ್ಲಿ ಹಡಗು ಹತ್ತಿದ ದಿನ ತುರ್ತು ಸಮಯದಲ್ಲಿ ಸೇರಬೇಕಾದ ಜಾಗ ತೋರಿಸ್ತಾರಲ್ಲ, ಅಲ್ಲೇ ಸಿಬ್ಬಂದಿಯನ್ನು ಕೇಳಿದೆ. ಎದೆ ಹೊಡೆದುಕೊಳ್ತಿತ್ತು. “ನಮ್ಮ ಯಜಮಾನರಿಗೆ ಆಗೋ ಲೈಫ್ ಜಾಕೆಟ್ ಬೇಕು, ಈ ಮಗುವಿಗೆ ಸಣ್ಣದು ಬೇಕು.” ಆ ಹುಡುಗಿಯ ಮುಖದಲ್ಲಿ ಏನೂ ಬದಲಾಗಲಿಲ್ಲ. “ಒಂದು ನಿಮಿಷ” ಅಂದು ಒಳಗೆ ಹೋದಳು. ಉದ್ದ ಪಟ್ಟಿ ಜೋಡಿಸಿದ ಜಾಕೆಟ್ ಒಂದು, ಪುಟಾಣಿ ಜಾಕೆಟ್ ಒಂದು ತಂದಳು. ನಮ್ಮವರಿಗೆ ಹಾಕಿ, ಎಳೆದು ನೋಡಿ, “ಓಕೆ ಸರ್” ಅಂದಳು. ಹಿಂದಿದ್ದವರು ಯಾರೂ ತಿರುಗಿ ನೋಡಲಿಲ್ಲ. ಇದಕ್ಕಾ ನಾವು ಅಷ್ಟು ಹೆದರಿದ್ದು?

ಆ ರಾತ್ರಿ ನಡುವಿನ ಬಾಗಿಲು ತೆರೆದೇ ಇತ್ತು. ಆ ಕಡೆ ನಮ್ಮವರ ಗೊರಕೆ, ತೊಟ್ಟಿಲಲ್ಲಿ ಮಗ. ಈ ಕಡೆ ಒಂದು ಮಂಚದಲ್ಲಿ ನಾನು, ಇನ್ನೊಂದರಲ್ಲಿ ಮಗಳು. ಕತ್ತಲಲ್ಲಿ ಅವಳ ದನಿ ಬಂತು.

“ಅಮ್ಮ, ಇವತ್ತು ಅಪ್ಪ ಕೆಳಗೆ ಮಲಗಲ್ವಾ?”

“ಇಲ್ಲ ಪುಟ್ಟ. ಇವತ್ತು ಅಪ್ಪಂಗೂ ಮಂಚ ಇದೆ.”